ಒಂಬತ್ತರ ಒಂಬತ್ತು

ಪಾದ ನೋಡುವುದು ನನ್ನ ಕಸುಬು.
ಕ್ಯಾಸಲ್‌ಮೇನ್ ಊರಿನ ಮುದುಕರ ಆಣಿ, ಒಳಸೇರಿದ ಉಗುರು, ಸಕ್ಕರೆ ಹುಣ್ಣು.
ಮುಖಕ್ಕಿಂತ ಮೊದಲು ಹಿಮ್ಮಡಿಯ ಗುರುತು ಹತ್ತುತ್ತದೆ ನನಗೆ.
ಷುಹ್ವಾ ಅಜ್ಜಿಯ ಎಡಗಾಲ ಹೆಬ್ಬೆರಳು
ಪಕ್ಕದ ಬೆರಳ ಮೇಲೆ ವಾಲಿದೆ,
ಬಸ್ಸಿನಲ್ಲಿ ತೂಕಡಿಸಿ
ಗುರುತಿಲ್ಲದವರ ಭುಜಕ್ಕೊರಗಿದ ಹಾಗೆ.

"ಇದು ಯಾವಾಗಿನದು?"
"ಹ್ವಾಷಾನ್ ಬೆಟ್ಟದ್ದು. ನನಗಾಗ ಮೂವತ್ತಾರು.
ತಂಗಿಯ ಬೂಟು, ಒಂದಂಗುಲ ಚಿಕ್ಕದು."

ರಾತ್ರಿಯೇ ಹತ್ತಬೇಕಂತೆ ಅದನ್ನು.
ಹಗಲಾದರೆ ಕೆಳಗೇನಿದೆ ಅಂತ ಕಂಡುಬಿಡುತ್ತದಂತೆ.
ಬಂಡೆಗೆ ಜಡಿದ ಸರಪಳಿ, ಸರಪಳಿ ತುಂಬ ಬೀಗ;
ಬೇಡಿಕೊಂಡು, ನಿಮ್ಮದೂ ಒಂದು ಹಾಕಿ,
ಬೀಗದಕೈ ಕಣಿವೆಗೆ ಎಸೆಯಬೇಕು.
ಅಜ್ಜಿ ಎಸೆಯಲಿಲ್ಲ.
"ಏನು ಬೇಡಿಕೊಂಡೆ?"
"ಈ ಬೂಟಲ್ಲಿ ಇಳಿದರೆ ಸಾಕಪ್ಪ ಅಂತ."

ಅವರ ಪಂಚಾಂಗದ ಒಂಬತ್ತನೇ ತಿಂಗಳು, ಒಂಬತ್ತನೇ ದಿನ
ಎತ್ತರಕ್ಕೆ ಹೋಗಬೇಕು, ಸೇವಂತಿಗೆ ಮುಡಿಯಬೇಕು.
ಎಲೆ ಉದುರುವ ಕಾಲದ ಹಬ್ಬ.
ಇಲ್ಲಿ ನೋಡಿದರೆ ಅಕ್ಟೋಬರಿಗೆ ವಸಂತ.
"ತಲೆಕೆಳಗಾದ ದೇಶ," ಅಂದಳು,
"ಹತ್ತಿದ್ದು ಇಳಿದ ಲೆಕ್ಕವೋ ಏನೋ."
ಡಾಕ್ಟರು ಬೇಡ ಅಂದರು. ನಾನೂ ಬೇಡ ಅಂದೆ.
ಭಾನುವಾರ ಏಳಕ್ಕೆ ನನ್ನ ಗೇಟಿನ ಮುಂದೆ ನಿಂತಿದ್ದಳು,
ಒಂದು ಕೋಲು, ಥರ್ಮಾಸು, ಮೂರು ಕಿತ್ತಳೆ.

ಲಿಯಾಂಗನೂಕ್ ಅಂತ ಈ ಬೆಟ್ಟ.
ಆಮೇಲೆ ಬಂದವರು ಇಟ್ಟ ಹೆಸರು ಬೋರ್ಡಿನಲ್ಲಿದೆ.
ಕಾರಿಳಿದವಳೇ ಅಜ್ಜಿ ಕೇಳಿದ್ದು:
"ಇದು ಯಾರ ಬೆಟ್ಟ?"
"ಜಾ ಜಾ ವುರುಂಗ್ ಜನರದು."
"ಹಾಗಾದರೆ ಕೇಳಬೇಕಲ್ಲ."

ಕೇಳಲು ಯಾರಿದ್ದರು? ಟಿಕೆಟ್ ಕೋಣೆಯಿಲ್ಲ, ಪೂಜಾರಿಯಿಲ್ಲ,
ಮರದಿಂದ ಸುಲಿದ ತೊಗಟೆ ಗಾಳಿಗೆ ಗರಗರ ಅನ್ನುತ್ತಿತ್ತು.
ಅವಳು ಕಾದಳು.
ನಾನೂ ಕಾದೆ, ಕಾರಿನ ಬಾಗಿಲು ತೆರೆದೇ ಇತ್ತು.
ಎಲ್ಲೋ ಒಂದು ಕೂಕಬರ ಗಹಗಹಿಸಿತು.
ಹೂಂ ಅಂದದ್ದೋ ಉಹೂಂ ಅಂದದ್ದೋ ನಾನು ಹೇಳಲಾರೆ.
ಅಜ್ಜಿ ಹೆಜ್ಜೆ ಎತ್ತಿದಳು.

ನಮ್ಮ ದುರ್ಗದಂಥವೇ ಬಂಡೆಗಳು,
ಯಾರೋ ಒಂದರ ಮೇಲೊಂದು ಇಟ್ಟು ಮರೆತುಹೋದ ಹಾಗೆ.
ಚಿಕ್ಕವಳಿದ್ದಾಗ ಕೋಟೆ ಹತ್ತಿದ್ದೂ ಹೀಗೆಯೇ,
ಮುಂದೆ ಅಪ್ಪ, ಹಿಂದೆ ನಾನು,
ನಡುವೆ ಅವನ ಒಡೆದ ಹಿಮ್ಮಡಿ, ಅದೊಂದೇ ದಾರಿ.
ಈಗ ಮುಂದೆ ಷುಹ್ವಾ.
ಇಪ್ಪತ್ತು ಹೆಜ್ಜೆ, ನಿಲ್ಲುವುದು. ಹದಿನೆಂಟು, ನಿಲ್ಲುವುದು.
"ನೀನು ಮಂಡಿಯಿಂದ ಹತ್ತುತ್ತೀಯ. ಉಸಿರಿಂದ ಹತ್ತು."
ಇಪ್ಪತ್ತೆರಡು ವರ್ಷ ಪಾದ ನೋಡಿದವಳಿಗೆ
ನಡೆಯೋದು ಕಲಿಸಿದಳು. ಕಲಿತೆ, ಏದುಸಿರಲ್ಲಿ.

ತುದಿಯಲ್ಲಿ ದೇವರಿರಲಿಲ್ಲ.
ಟಿವಿ ಗೋಪುರ, ತಂತಿಬೇಲಿ, ಗೇಟಿಗೊಂದು ಬೀಗ.
ಅಜ್ಜಿ ಬೀಗ ನೋಡಿದಳು. ನನ್ನನ್ನು ನೋಡಿದಳು.
ಒಳಜೇಬಿನ ಗಂಟು ಬಿಚ್ಚಿ
ನಲವತ್ತೆರಡು ವರ್ಷದ ಬೀಗದಕೈ ತೆಗೆದು
ಹಾಕಿಯೇ ನೋಡಿದಳು!
ಅರ್ಧ ಹೋಯಿತು. ತಿರುಗಲಿಲ್ಲ.
ಇಬ್ಬರೂ ನಕ್ಕೆವು, ಅವಳಿಗೆ ಕೆಮ್ಮು ಬರುವಷ್ಟು.

"ಎಸೆದುಬಿಡು ಇಲ್ಲೇ," ಅಂದೆ.
"ಕಂಡವರ ಬೆಟ್ಟಕ್ಕೆ ಕಬ್ಬಿಣ ಎಸೀತಾರಾ?"

ಹುಲ್ಲಿನಲ್ಲಿ ಹಳದಿ ಹೂ ಇತ್ತು,
ಸೇವಂತಿಗೆಯಲ್ಲ, ದೂರದ ನೆಂಟ.
ಕೀಳಲಿಲ್ಲ ಅವಳು.
ಕೋಲು ಊರಿ, ಮಂಡಿ ಊರಿ, ಮೆಲ್ಲಗೆ
ಬಿಳಿ ಕೂದಲ ತಲೆಯನ್ನೇ ಹೂವಿನ ಪಕ್ಕಕ್ಕೆ ತಂದು
ಒಂದು ಕ್ಷಣ ಮುಡಿದಳು.
ಏಳಿಸಲು ನನಗೆ ಎರಡು ಕೈ ಬೇಕಾಯಿತು.

ಕಿತ್ತಳೆ ತಿಂದೆವು. ಮೂರನೆಯದನ್ನು ಬಂಡೆಯ ಮೇಲಿಟ್ಟು
ಏನನ್ನಿಸಿತೋ, ತಿರುಗಿ ಚೀಲಕ್ಕೆ ಹಾಕಿಕೊಂಡಳು.
"ಇಲ್ಲಿಯವರಿಗೆ ಏನು ಸೇರುತ್ತೋ ಗೊತ್ತಿಲ್ಲ."

ಬೀಗದಕೈ ಈಗ ನನ್ನ ಕ್ಲಿನಿಕ್ಕಿನ ಡ್ರಾಯರಿನಲ್ಲಿದೆ,
ಉಗುರು ಕತ್ತರಿಗಳ ಜೊತೆ.
"ನನ್ನ ಹತ್ತಿರ ಇದ್ದರೆ ತೆಗೆಯೋಕೆ ಹೋಗಬೇಕು ಅನಿಸುತ್ತೆ," ಅಂದಳು,
ಕಾಲು ನನ್ನ ತೊಡೆಯ ಮೇಲಿಟ್ಟು.
ಹೆಬ್ಬೆರಳು ಹಾಗೇ ಒರಗಿತ್ತು, ಸ್ಟಾಪು ದಾಟಿದರೂ ಏಳದೆ.
"ಉಗುರು ಜಾಸ್ತಿ ಕತ್ತರಿಸಬೇಡ.
ಬರೋ ವರ್ಷ ಬೇಕಾಗುತ್ತೆ."